ಬೂದಿಯ ಹದಿನಾಲ್ಕನೇ ದಿನ

"ಸಿಕ್ತಾ?" ಅತ್ತೆ ಕುರ್ಚಿಯಲ್ಲಿ ಕೂತೇ ಕೇಳಿದರು.

ಸೊಸೆ ಇನ್ನಷ್ಟು ಬಾಗಿದಳು. ಗೋಣಿಚೀಲ ಹಾಸಿದ ಹಲಗೆಯ ಮೇಲೆ ಬೂದಿ ಬಣ್ಣದ ಹೆಣ್ಣು ಮೊಲ ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡು ಮುದುಡಿ ಕೂತಿತ್ತು. ಅವಳ ಎಡಗೈ ಅದರ ಭುಜದ ಸಡಿಲ ಚರ್ಮವನ್ನು ಹಿಡಿದಿತ್ತು. ಬಲಗೈ ಹೊಟ್ಟೆಯ ಅಡಿಗೆ, ಹಿಂಗಾಲುಗಳ ಮುಂದಕ್ಕೆ ಸೇರಿತ್ತು. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳುಗಳು ಇನ್ನೊಂದು ಕಡೆ. ನಡುವೆ ಇದ್ದದ್ದು ಕಲ್ಲಿನಂತೆ ಬಿಗಿದ ಹೊಟ್ಟೆ.

"ಸಿಕ್ತಾ ಅಂದೆ. ಕಿವಿ ನನಗೆ ಹೋಗಿದ್ಯೋ ನಿನಗೋ?"

"ಬಿಗಿ ಹಿಡ್ಕೊಂಡಿದೆ ಅತ್ತೆ. ಏನೂ ಗೊತ್ತಾಗ್ತಿಲ್ಲ."

"ಅದಲ್ಲ ಬಿಗಿ ಹಿಡ್ಕೊಂಡಿರೋದು, ನೀನು. ನಿನ್ನ ಪುಕ್ಕಲುತನ ಅದರ ಹೊಟ್ಟೆಗೆ ಇಳೀತಿದೆ. ಬಿಡು, ಬಿಡು. ಸ್ವಲ್ಪ ಉಸಿರಾಡೋಕೆ ಬಿಡು ಅದನ್ನ."

ಅವಳು ಕೈ ತೆಗೆದಳು. ಅಂಗೈಗೆ ಬೂದಿ ಕೂದಲು ಅಂಟಿತ್ತು. ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಎಂಟು ಗೂಡುಗಳು, ಮೇಲೆ ನಾಲ್ಕು, ಕೆಳಗೆ ನಾಲ್ಕು. ಬೆಳಗಿನ ಸೊಪ್ಪು ಹಾಕಿಯಾಗಿತ್ತು. ಎಲ್ಲ ಕಡೆಯಿಂದಲೂ ಜಗಿಯುವ ಸಣ್ಣ ಸದ್ದು ಬರುತ್ತಿತ್ತು. ಮೂಲೆಯ ಗೂಡಿನಲ್ಲಿ ಒಂದೇ ಒಂದು ಗಂಡು. ಕಣ್ಣಿನ ಸುತ್ತ ಕನ್ನಡಕದಂತೆ ಕಪ್ಪು ಬಳೆ ಇದ್ದದ್ದರಿಂದ ಅದಕ್ಕೆ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಈಗ ಅದೂ ತಿನ್ನುವುದನ್ನು ನಿಲ್ಲಿಸಿ, ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತವರ ಹಾಗೆ ಈ ಕಡೆಯೇ ನೋಡುತ್ತಿತ್ತು.

ಶನಿವಾರ. ಹತ್ತು ಗಂಟೆಯೊಳಗೆ ತಕ್ಕಡಿಯಣ್ಣ ಬರುತ್ತಾನೆ. ಪೇಟೆಯಲ್ಲಿ ಮಾಂಸದಂಗಡಿ ಇಟ್ಟವನು. ಸೈಕಲ್ಲಿನ ಹಿಂದೆ ಬುಟ್ಟಿ, ಹೆಗಲಿಗೆ ಕೊಕ್ಕೆಯ ತಕ್ಕಡಿ. ಮೂರು ತಿಂಗಳ ಮರಿಗಳನ್ನು ತೂಗಿ ತೆಗೆದುಕೊಂಡು ಹೋಗುತ್ತಾನೆ. ಅವುಗಳ ಜೊತೆ, ಬೆದೆಗೆ ಬಿಟ್ಟರೂ ಗಬ್ಬ ಕಟ್ಟದ ಹೆಣ್ಣುಗಳನ್ನೂ. ಎರಡು ಸಲ ತಪ್ಪಿದರೆ ಸುಮ್ಮನಿರುವುದು, ಮೂರನೆಯ ಸಲವೂ ತಪ್ಪಿದರೆ ತಕ್ಕಡಿಗೆ. ಇದು ಅತ್ತೆಯೇ ಮಾಡಿದ ನಿಯಮ. ಹಲಗೆಯ ಮೇಲಿದ್ದ ಬೂದಿಗೆ ಇದು ಮೂರನೆಯ ಸಲ. ಮೇಷ್ಟ್ರ ಗೂಡಿಗೆ ಬಿಟ್ಟು ಇಂದಿಗೆ ಹದಿನಾಲ್ಕು ದಿನ. ಹೊಟ್ಟೆ ನೋಡಲು ಇದೇ ಸರಿಯಾದ ದಿನ. ಇದಕ್ಕಿಂತ ಮುಂಚೆ ಮರಿಗಳು ಬೆರಳಿಗೆ ಸಿಗುವುದಿಲ್ಲ, ಆಮೇಲೆ ಕರುಳಿನ ಜೊತೆ ಕಲೆತು ಬೇರೆಯಾಗಿ ತಿಳಿಯುವುದಿಲ್ಲ.

ಹತ್ತೊಂಬತ್ತು ವರ್ಷ ಈ ಹೊಟ್ಟೆಗಳನ್ನು ನೋಡಿದ್ದು ಅತ್ತೆಯ ಕೈ. ಬಿಸಿನೀರಿನಲ್ಲಿ ಬೆರಳು ಅದ್ದಿ, ಸೆರಗಿಗೆ ಒರೆಸಿ, ಎಡಗೈಯಲ್ಲಿ ಮೊಲವನ್ನು ಹಿಡಿದು, ಬಲಗೈ ಹೊಟ್ಟೆಯಡಿಗೆ ಹಾಕಿ, ಮಾತಾಡುತ್ತ ಮಾತಾಡುತ್ತಲೇ "ಇದೆ" ಅಥವಾ "ಇಲ್ಲ" ಎಂದುಬಿಡುತ್ತಿದ್ದರು. ಪಕ್ಕದ ಬೀದಿಯವರೂ ತಮ್ಮ ಮೊಲಗಳನ್ನು ಚೀಲದಲ್ಲಿ ಹಾಕಿಕೊಂಡು ತರುತ್ತಿದ್ದರು. ಸೊಸೆಯ ಪಾಲಿಗೆ ಸೊಪ್ಪು ಕೊಯ್ಯುವುದು, ನೀರು ಇಡುವುದು, ಗೂಡಿನ ಕೆಳಗಿನ ಹಿಕ್ಕೆ ಬಳಿದು ತೆಗೆಯುವುದು. ಮದುವೆಯಾದ ಹೊಸದರಲ್ಲಿ ಒಮ್ಮೆ, ನಾನೂ ನೋಡಲಾ ಎಂದು ಕೇಳಿದ್ದಳು. "ಕುಡುಗೋಲು ಹಿಡಿಯೋ ಕೈ ಕಣೇ ಅದು, ಒರಟು" ಎಂದಿದ್ದರು ಅತ್ತೆ. ಬೈಗುಳವಾಗಿರಲಿಲ್ಲ ಅದು; ಇವತ್ತು ಬಿಸಿಲು ಜಾಸ್ತಿ ಎಂದ ಹಾಗೆ ಹೇಳಿದ್ದರು. ಆದರೆ ಅವಳು ಮತ್ತೆ ಕೇಳಲಿಲ್ಲ. ಬೈದಿದ್ದರೆ ಕೇಳುತ್ತಿದ್ದಳೇನೋ.

ಐದು ತಿಂಗಳ ಹಿಂದೆ ಲಕ್ವ ಹೊಡೆದು ಅತ್ತೆಯ ಬಲಗೈ ನಿಂತುಹೋಯಿತು. ಕಾಲು ಕೋಲು ಹಿಡಿದು ನಡೆಯುವಷ್ಟು ಸುಧಾರಿಸಿತು, ಕೈ ಮಾತ್ರ ಮರಳಲಿಲ್ಲ. "ಕೈ ಹೋಯ್ತು, ಬಾಯಿ ಉಳೀತು" ಎಂದು ನೋಡಲು ಬಂದವರಿಗೆಲ್ಲ ಅವರೇ ಹೇಳುತ್ತಿದ್ದರು. "ಯಾವುದು ಹೋಗಿದ್ರೆ ಚೆನ್ನಾಗಿತ್ತು ಅಂತ ನನ್ನ ಸೊಸೇನ ಯಾರೂ ಕೇಳಲಿಲ್ಲ, ಪಾಪ." ಬಂದವರು ನಗುತ್ತಿದ್ದರು. ಸೊಸೆಯೂ ನಗುತ್ತ ಆ ನಿರ್ಜೀವ ಕೈಯನ್ನು ತೊಡೆಯ ಮೇಲೆ ಸರಿಯಾಗಿ ಇಡುತ್ತಿದ್ದಳು.

ಹಾಗೆ, ಯಾರೂ ಕೊಡದೆ, ಹೊಟ್ಟೆ ನೋಡುವ ಕೆಲಸ ಅವಳಿಗೆ ಬಂತು. ಮೊದಲ ಸಲ ನೋಡಿದ್ದು ಇದೇ ಬೂದಿಯನ್ನು. ಬೆರಳಿಗೆ ಸಾಲಾಗಿ ಗುಂಡಗುಂಡಗೆ ಸಿಕ್ಕಿದ್ದೇ ತಡ, "ಇದೆ! ಎಂಟೊಂಬತ್ತು ಇದೆ!" ಎಂದು ಕೂಗಿದ್ದಳು. ಮರಿಪೆಟ್ಟಿಗೆ ಇಟ್ಟು, ಒಣಹುಲ್ಲು ಹಾಸಿ ಕಾದದ್ದೂ ಆಯಿತು. ಬೂದಿ ಆ ಪೆಟ್ಟಿಗೆಯಲ್ಲಿ ಉಚ್ಚೆ ಹೊಯ್ದು ಹೊರಗೆ ಬಂದು ಕೂತಿತು. "ನೀನು ಎಣಿಸಿದ್ದು ಹಿಕ್ಕೆ" ಎಂದರು ಅತ್ತೆ. ಬಸ್ಸು ಓಡಿಸುವ ಗಂಡ ಆ ವಾರವೆಲ್ಲ ಊಟಕ್ಕೆ ಕೂತಾಗ, "ಹಿಕ್ಕೆಗೆ ಏನು ಹೆಸರಿಟ್ಟೆ?" ಎಂದು ಕೇಳುತ್ತಿದ್ದ.

ಅದಾದ ಮೇಲೆ ಬಿಳಿ ಮೊಲದ ಸರದಿ ಬಂತು. ಅದರ ಹೊಟ್ಟೆಯಲ್ಲೂ ಗುಂಡಗೆ ಏನೋ ಸಿಕ್ಕಿತು. ಈ ಸಲ ಅವಳು ಮೋಸ ಹೋಗಲಿಲ್ಲ. ಹಿಕ್ಕೆಯೇ ಎಂದುಕೊಂಡಳು. ಬಿಳಿಯದಕ್ಕೆ ಅದು ಮೂರನೆಯ ಸಲ. ತಕ್ಕಡಿಯಣ್ಣನ ಬುಟ್ಟಿಗೆ ಹೋಯಿತು. ಮುಂದಿನ ಶನಿವಾರ ಬಂದವನು ಸೈಕಲ್ ನಿಲ್ಲಿಸುತ್ತ, "ಅಕ್ಕಾ, ಆ ಬಿಳೀದು ಬರಿದಾಗಿರಲಿಲ್ಲ. ಐದಿತ್ತು ಒಳಗೆ" ಎಂದ. ಕುಹಕವಿಲ್ಲದೆ, ಹೇಳಬೇಕಲ್ಲ ಎಂದು ಹೇಳಿದ್ದ.

ಮೊಲ ಸಾಕುವುದು ಮಾಂಸಕ್ಕೇ. ಅದರಲ್ಲಿ ಅವಳಿಗೆ ಮುಜುಗರವೇನೂ ಇರಲಿಲ್ಲ. ಪ್ರತಿ ಶನಿವಾರ ಮರಿಗಳನ್ನು ಎತ್ತಿ ಬುಟ್ಟಿಗೆ ಹಾಕುತ್ತಿದ್ದವಳು ಅವಳೇ. ಆದರೆ ಅಂದು ಬಚ್ಚಲಿಗೆ ಹೋಗಿ ಬಲಗೈಗೆ ಎರಡು ಸಲ ಸೋಪು ಹಚ್ಚಿ ತೊಳೆದಳು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುತ್ತಿದ್ದ ಅತ್ತೆ ಅವತ್ತು ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಬಡಿಸಿದಾಗಲೂ ಹೇಳಲಿಲ್ಲ. ಅವಳು ಒಂದೇ ಒಂದು ಬೈಗುಳಕ್ಕಾಗಿ ತಟ್ಟೆಯ ಮುಂದೆ ಕಾಯುತ್ತ ನಿಂತಿದ್ದಳು.

ಅಂದಿನಿಂದ ಕೈ ಹೊಟ್ಟೆಯ ಅಡಿಗೆ ಹೋದರೆ ಸಾಕು, ಬೆರಳುಗಳು ಮರಗಟ್ಟಿದಂತಾಗುತ್ತಿದ್ದವು. ಬೂದಿ ನಡುವೆ ಇನ್ನೊಂದು ಸಲ ತಪ್ಪಿತು. ಈಗ ಚಪ್ಪರದಲ್ಲಿರುವ ಹೆಣ್ಣುಗಳಲ್ಲಿ ಅರ್ಧ ಬೂದಿಯ ಮಕ್ಕಳು, ಉಳಿದವು ಮೊಮ್ಮಕ್ಕಳು. ಅತ್ತೆ ತಮ್ಮ ತಟ್ಟೆಯಿಂದ ರೊಟ್ಟಿಯ ಅಂಚು ಮುರಿದು ಕದ್ದು ಕೊಡುತ್ತಿದ್ದದ್ದು ಇದೊಂದಕ್ಕೆ. ಆದರೂ, "ಇದನ್ನ ಇಟ್ಕೊಳ್ಳೋಣ ಬಿಡಿ ಅತ್ತೆ, ಹೊಟ್ಟೆ ನೋಡೋದೇ ಬೇಡ" ಎಂದಾಗ ಅವರು ಬೇರೆ ಕಡೆ ಮುಖ ತಿರುಗಿಸಿ ಹೇಳಿದ್ದರು: "ಬಿಳೀದಕ್ಕಿದ್ದ ನಿಯಮ ಇದಕ್ಕಿಲ್ವಾ?"

ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು.

"ದೊಡ್ಡಮ್ಮಾ, ಇನ್ನೂ ಗಟ್ಟಿ ಇದೀರಾ?" ತಕ್ಕಡಿಯಣ್ಣ ಬಾಗಿ ಚಪ್ಪರದೊಳಗೆ ಬಂದ.

"ನಿನ್ನ ತಕ್ಕಡಿಗೆ ನಾನು ಬರಲ್ಲ ಕಣಪ್ಪ, ಬರೀ ಮೂಳೆ."

"ಮೂಳೆಗೂ ಗಿರಾಕಿ ಇದಾರೆ, ಸೂಪಿಗೆ." ಅವನು ನಕ್ಕು ಹಲಗೆಯ ಕಡೆ ನೋಡಿದ. "ಏನಕ್ಕಾ, ಬೂದಿ ನನ್ನ ಜೊತೆ ಬರುತ್ತಾ?"

ಅವಳು ಮತ್ತೆ ಕೈ ಹಾಕಿದಳು. ಮತ್ತೆ ಕಲ್ಲು. ಮೊಲದ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವಳ ಕುತ್ತಿಗೆಯ ಹಿಂದೆ ತಕ್ಕಡಿಯಣ್ಣನ ಉಸಿರಿನಲ್ಲಿ ಬೀಡಿಯ ವಾಸನೆ. ಅವಳಿಗೆ ಇಲ್ಲ ಎಂದುಬಿಡೋಣ ಎನ್ನಿಸಿತು. ಇಲ್ಲ ಎಂದರೆ ಮುಗಿಯಿತು. ಇದೆ ಎಂದರೆ ಹದಿನೇಳು ದಿನ ಕಾಯಬೇಕು, ಮನೆಯವರೆಲ್ಲ ನೋಡುತ್ತಿರುವಾಗ ಕಾಯಬೇಕು. ಆದರೆ ಇಲ್ಲ ಎಂದು, ಬರುವ ಶನಿವಾರ ಇವನು ಮತ್ತೆ ಸೈಕಲ್ ನಿಲ್ಲಿಸುತ್ತ ಒಂದು ಸಂಖ್ಯೆ ಹೇಳಿದರೆ?

ಕೋಲಿನ ಸದ್ದಾಯಿತು. ಅತ್ತೆ ಎದ್ದು ಬರುತ್ತಿದ್ದರು. ಹಲಗೆಯ ಪಕ್ಕಕ್ಕೆ ಬಂದು, ಕೋಲನ್ನು ಗೂಡಿಗೆ ಒರಗಿಸಿ, ಸೊಂಟವನ್ನು ಹಲಗೆಗೆ ಆನಿಸಿ ನಿಂತರು.

"ಸರಿ ಆ ಕಡೆ. ಹಿಡಿಯೋದು ನಾನು."

ಅವರ ಎಡಗೈ ಬೂದಿಯ ಕಿವಿಗಳ ಮೇಲಿಂದ ಜಾರಿ ಭುಜದ ಚರ್ಮವನ್ನು ಹಿಡಿಯಿತು. ಹತ್ತೊಂಬತ್ತು ವರ್ಷ ಹಿಡಿದ ಕೈ, ಅದಕ್ಕೇನೂ ಆಗಿರಲಿಲ್ಲ. ಬೂದಿ ಒಮ್ಮೆ ಮೂಗು ಅಲ್ಲಾಡಿಸಿ ಆ ಕೈಯನ್ನು ಮೂಸಿತು. ಆಮೇಲೆ ನಿಧಾನಕ್ಕೆ, ಗಾಳಿ ಬಿಟ್ಟ ದಿಂಬಿನ ಹಾಗೆ, ಅದರ ಬೆನ್ನು ಕೆಳಗಿಳಿಯಿತು.

"ಈಗ ಹಾಕು ಕೈ. ನೋಡಬೇಡ, ಕಣ್ಣಿಗೇನು ಕೆಲಸ ಇಲ್ಲಿ? ಮೇಷ್ಟ್ರು ಕಡೆ ನೋಡು."

ಅವಳು ಮೇಷ್ಟ್ರ ಕಡೆ ನೋಡಿದಳು. ಹೊಟ್ಟೆ ಮೆತ್ತಗಿತ್ತು. ಬೆರಳುಗಳು ಅಂದು ಮೊದಲ ಬಾರಿಗೆ ಒಳಕ್ಕೆ ಇಳಿದವು.

"ಏನು ಸಿಗ್ತಿದೆ?"

"ಗುಂಡಗೆ... ಗಟ್ಟಿಯಾಗಿ. ಸಾಲಾಗಿದೆ."

"ಎಲ್ಲಿ? ಬೆನ್ನುಮೂಳೆ ಹತ್ರಾನಾ?"

"ಹೂಂ. ಮೇಲೆ."

"ಅದು ಹಿಕ್ಕೆ. ಅದರ ಪಾಡಿಗೆ ಅದನ್ನ ಬಿಡು. ಇನ್ನೂ ಕೆಳಗೆ ಬಾ. ಒತ್ತಬೇಡ, ಜಾರಿಸು."

ತಕ್ಕಡಿಯಣ್ಣ ಏನೋ ಹೇಳಲು ಬಾಯಿ ತೆರೆದ. "ನೀನು ಸುಮ್ನಿರು" ಎಂದರು ಅತ್ತೆ, ಅವನ ಕಡೆ ನೋಡದೆ.

ಕೆಳಗೆ ಮೊದಲು ಏನೂ ಇರಲಿಲ್ಲ. ಬರೀ ಬಿಸಿ. ಆಮೇಲೆ ಹೆಬ್ಬೆರಳಿನಡಿ ಒಂದು ಸುಳಿದು ಹೋಯಿತು. ಹಿಡಿಯಲು ಹೋದರೆ ಇಲ್ಲ, ಬಿಟ್ಟರೆ ಬಂತು. ಮಾಗಿದ ದ್ರಾಕ್ಷಿಯಷ್ಟು, ದ್ರಾಕ್ಷಿಯಷ್ಟೇ ಮೆತ್ತಗೆ. ಅದರ ಹಿಂದೆ ಇನ್ನೊಂದು. ಆ ಕಡೆಯಲ್ಲೂ ಒಂದು. ಸಾಲಾಗಿರಲಿಲ್ಲ, ಎಲ್ಲೆಲ್ಲೋ ಇದ್ದವು.

"ಜಾರ್ತಿದೆ" ಎಂದಳು.

"ಇದ್ಯಾ, ಇಲ್ವಾ?"

"ನೀವೇ ಹೇಳಿ ಅತ್ತೆ. ಮೆತ್ತಗೆ ಜಾರ್ತಿದೆ, ಅಲ್ಲಲ್ಲಿ..."

"ನನಗೇನು ಗೊತ್ತು? ಕೈ ನಿನ್ನದು."

ಅವಳು ಅತ್ತೆಯ ಮುಖ ನೋಡಿದಳು. ಅಲ್ಲಿ ಏನೂ ಸಿಗಲಿಲ್ಲ. ಮೊಲವನ್ನು ಹಿಡಿದ ಎಡಗೈಯ ಗೆಣ್ಣುಗಳು ಮಾತ್ರ ಬೆಳ್ಳಗಾಗಿದ್ದವು.

"ಇದೆ" ಎಂದಳು ಅವಳು. ತಕ್ಕಡಿಯಣ್ಣನ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು. "ಇದೆ. ಬೂದೀನ ಕೊಡಲ್ಲ."

"ಮೊದಲ್ನೇ ಸಲದ ಹಾಗೆ ಹಿಕ್ಕೆ ಅಲ್ವಲ್ಲ ಅಕ್ಕಾ?"

"ಹಿಕ್ಕೇನೇ ಆದ್ರೆ ನಿನಗೇ ಕೊಡ್ತೀನಿ, ತೂಕ ಹಾಕ್ಕೊಂಡು ಹೋಗು."

ಅತ್ತೆ ಗಟ್ಟಿಯಾಗಿ ನಕ್ಕರು. ಐದು ತಿಂಗಳಲ್ಲಿ ಆ ಚಪ್ಪರದಲ್ಲಿ ಅಂಥ ನಗು ಕೇಳಿರಲಿಲ್ಲ. ತಕ್ಕಡಿಯಣ್ಣ ನಾಲ್ಕು ಮರಿ ತೂಗಿಕೊಂಡು ಹೊರಟುಹೋದ.

ಆದರೆ ಅವನು ಹೋದ ಮೇಲೆ ದಿನಗಳು ಹೋಗಲಿಲ್ಲ. ಸೊಪ್ಪು ಕೊಯ್ಯುವಾಗ, ಪಾತ್ರೆ ತೊಳೆಯುವಾಗ ಅವಳ ಹೆಬ್ಬೆರಳು ತಾನಾಗಿ ಬೆರಳುಗಳ ಮೇಲೆ ಜಾರುತ್ತಿತ್ತು: ಹೀಗಿತ್ತಲ್ಲವೇ? ಹೀಗೆಯೇ ಇತ್ತು. ಒಮ್ಮೊಮ್ಮೆ ಇನ್ನೊಂದು ಸಲ ನೋಡಿಬಿಡೋಣ ಎಂದು ಗೂಡಿನ ಬಾಗಿಲು ತೆರೆಯುತ್ತಿದ್ದಳು. "ಪದೇ ಪದೇ ಹಿಸುಕಿದ್ರೆ ಇರೋದೂ ಹೋಗುತ್ತೆ" ಎಂಬ ಮಾತು ಹಿಂದಿನಿಂದ ಬರುತ್ತಿತ್ತು. ಇಪ್ಪತ್ತೆಂಟನೆಯ ದಿನ ಮರಿಪೆಟ್ಟಿಗೆ ಇಟ್ಟಳು. ಅದೂ ಶನಿವಾರವೇ. ತಕ್ಕಡಿಯಣ್ಣ ಬಗ್ಗಿ ನೋಡಿ, ತಮಾಷೆ ಮಾಡದೆ, ತುಸು ಹೆಚ್ಚೇ ಮರ್ಯಾದೆಯಿಂದ ಹೊರಟುಹೋದದ್ದು ಅವಳಿಗೆ ಚುಚ್ಚಿತು. ಬೂದಿ ಪೆಟ್ಟಿಗೆಯ ಹತ್ತಿರವೂ ಸುಳಿಯಲಿಲ್ಲ. ಮೂವತ್ತು. ಮೂವತ್ತೊಂದು. ಸಂಜೆಯವರೆಗೂ ಅದು ಕಾಲು ಚಾಚಿ ಮಲಗಿ, ಕೊಟ್ಟದ್ದನ್ನೆಲ್ಲ ತಿಂದಿತು.

"ಕೆಲವಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತೆ" ಎಂದರು ಅತ್ತೆ ಆ ಸಂಜೆ. ಕೇಳದೆಯೇ ಹೇಳಿದ ಮಾತು. ಆಮೇಲೆ, ಯಾರಿಗೋ ಹೇಳುವಂತೆ: "ನನ್ನ ಕೈಯೂ ಮೊದಲು ತಪ್ಪು ಹೇಳಿ ಮೂರು ಮೊಲ ಕಳೆದಿತ್ತು. ನನಗೆ ಕಲಿಸೋರು ಯಾರೂ ಇರಲಿಲ್ಲ. ಕಷ್ಟಪಟ್ಟು ಕಲಿತದ್ದು ಅಂತ ಬಚ್ಚಿಟ್ಕೊಂಡೆ, ಒಡವೆ ಹಾಗೆ."

ಸೊಸೆ ಬಟ್ಟೆ ಮಡಿಸುತ್ತಿದ್ದಳು. ಅದೇ ಬಟ್ಟೆಯನ್ನು ಬಿಡಿಸಿ ಇನ್ನೊಮ್ಮೆ ಮಡಿಸಿದಳು.

ಮೂವತ್ತೆರಡನೆಯ ಬೆಳಿಗ್ಗೆ ಚಪ್ಪರದ ಬಾಗಿಲು ತೆರೆದಾಗ ಬೂದಿಯ ಗೂಡಿನ ತಂತಿಯ ಮೇಲೆಲ್ಲ ಕೂದಲು ಅಂಟಿಕೊಂಡಿತ್ತು. ಎದೆಯ ಕೂದಲು ಕಿತ್ತುಕೊಂಡು ಬರಿಮೈಯಾಗಿದ್ದ ಬೂದಿ ನೀರಿನ ಬಟ್ಟಲಿಗೆ ಬಾಯಿ ಹಾಕಿ ಕುಡಿಯುತ್ತಲೇ ಇತ್ತು. ಪೆಟ್ಟಿಗೆಯೊಳಗೆ ಆ ಕೂದಲಿನದೇ ಒಂದು ಗುಡ್ಡೆ. ಅದು ಅಲ್ಲಾಡಿತು.

ಅವಳು ಕೂಗಲಿಲ್ಲ. ಬೂದಿಗೆ ಒಂದು ಹಿಡಿ ಸೊಪ್ಪು ಹಾಕಿ, ತನ್ನ ವಾಸನೆ ಮರಿಗಳಿಗೆ ತಾಗದಂತೆ ಅಂಗೈಗಳನ್ನು ಗೂಡಿನ ಹುಲ್ಲಿಗೆ ಉಜ್ಜಿಕೊಂಡು, ಅತ್ತೆ ಬಂದು ಕೂತ ಮೇಲೆ ಪೆಟ್ಟಿಗೆಯನ್ನು ಎತ್ತಿ ತಂದು ಅವರ ಕುರ್ಚಿಯ ಮುಂದೆ ಹಲಗೆಯ ಮೇಲೆ ಇಟ್ಟಳು.

ಅತ್ತೆ ಮುಂದಕ್ಕೆ ಬಾಗಿದರು. ಬಲಗೈ ಅಡ್ಡ ಬಂತು; ಯಾವಾಗಲೂ ಮಾಡುವಂತೆ ಅದನ್ನು ಎಡಗೈಯಿಂದ ಎತ್ತಿ, ಪೆಟ್ಟಿಗೆಯ ಮೂಲೆಯಲ್ಲಿ, ಕೂದಲಿನ ಮೇಲೆ ಇಟ್ಟರು. ಎಡಗೈ ಗುಡ್ಡೆಯೊಳಗೆ ಹೋಯಿತು.

"ಒಂದು. ಎರಡು. ಇದು ಮೂರು... ಸುಮ್ನಿರೋ, ಒದೀತಾನೆ ನೋಡು. ನಾಲ್ಕು, ಐದು. ಆರು." ಇನ್ನೊಮ್ಮೆ ತಡವಿದರು. "ಆರು."

"ಏಳು ಅತ್ತೆ."

"ಆರು ಕಣೇ. ಹಿಕ್ಕೆ ಸೇರಿಸ್ಬೇಡ."

"ಏಳು. ನಿಮ್ಮ ಬಲಗೈ ಕೆಳಗೆ ನೋಡಿ."

ಅತ್ತೆ ನೋಡಿದರು. ಕಣ್ಣು ಬಿಡದ, ಕೂದಲಿಲ್ಲದ, ಬೆರಳಿನಷ್ಟು ಉದ್ದದ ಕೆಂಪು ಮರಿಯೊಂದು ಉಳಿದವುಗಳಿಂದ ತಪ್ಪಿಸಿಕೊಂಡು ಬಂದು, ಆ ಸತ್ತ ಕೈಯ ಅಂಗೈಯಡಿ ತಲೆ ತೂರಿಸಿ ಮಲಗಿತ್ತು. ಅದರ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಸಲವೂ ಅದರೊಂದಿಗೆ ಅತ್ತೆಯ ಕಿರುಬೆರಳು ಕೂದಲೆಳೆಯಷ್ಟು ಮೇಲೆ ಬಂದು ಕೆಳಗೆ ಹೋಗುತ್ತಿತ್ತು.

"ಪೆಟ್ಟಿಗೆ ಗೂಡೊಳಗಿಡಲಾ? ಚಳಿ ಆಗುತ್ತೆ ಅವಕ್ಕೆ."

"ಇಡುವಿಯಂತೆ" ಎಂದರು ಅತ್ತೆ. "ಸ್ವಲ್ಪ ಇರ್ಲಿ."