ಕಡೇ ಬೆಂಚಿನ ಲೆಕ್ಚರರ್

"ಪಾರವ್ವ ಅಂತ ಹೆಸರಿಟ್ಕೊಂಡು ಸಿ.ಡಿ. ಮೇಲೆ ಫೋಟೋ ಬೇರೆ ಬೇಕಾ ನಿಂಗೆ? ಅದನ್ನ ನೋಡಿ ಯಾವ ಮುಂಡೇಗಂಡ ಮಗನ್ನ ತಂದು ಸೇರಿಸ್ತಾನೆ?"

ಬೋರಣ್ಣ ಹೊಟ್ಟೆ ಕುಲುಕಿಸಿ ನಕ್ಕ. ಕೋಣನಕುಂಟೆಯ ರಾಗಿ ಹೊಲದಲ್ಲಿ ಎಂಜಿನಿಯರಿಂಗ್ ಕಾಲೇಜು ಎಬ್ಬಿಸಿದವನು ಅವನು. ಪಾರವ್ವ ಅಲ್ಲಿ ಮೋಟಾರುಗಳ ಪಾಠ ಹೇಳುವ ಲೆಕ್ಚರರ್. ಪಕ್ಕದ ಕಾಲೇಜುಗಳನ್ನು ಹಿಂದೆ ಹಾಕಬೇಕೆಂದು ಬೇಸಿಗೆಯಿಡೀ ಅವಳ ಪಾಠಗಳನ್ನು ಕಂಪ್ಯೂಟರಿಗೆ ತುಂಬಿಸಿಕೊಂಡು, ಸಿ.ಡಿ. ಮಾಡಿಸಿ, 'ಜ್ಞಾನ ಭಂಡಾರ' ಎಂದು ಗೇಟಿಗೆ ಬ್ಯಾನರ್ ಕಟ್ಟಿದ್ದರು. ಸಿ.ಡಿ. ಮೇಲೆ ಬೋರಣ್ಣನ ಮಗ ದೀಪಕನ ಹೆಸರಿತ್ತು. ಪಾಠವೆಲ್ಲ ಕಂಪ್ಯೂಟರಿನೊಳಗೆ ಸೇರಿದ ಮೇಲೆ ಪಾರವ್ವನನ್ನು ಕೆಲಸದಿಂದ ತೆಗೆದಿದ್ದರು.

"ಫೋಟೋ ಬ್ಯಾಡ್ರೀ ಸರ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡ್ರಿ, ಸಾಕು. ಸೋಮವಾರ ಸರ್ಕಾರಿ ಪಾಲಿಟೆಕ್ನಿಕ್‌ನ್ಯಾಗ ತೋರಸಬೇಕ್ರಿ. ಇಲ್ಲಂದ್ರ ಆ ನೌಕರೀನೂ ಹೋಗತೈತಿ."

ಸೇರುವಾಗಲೇ ಲೆಕ್ಚರರುಗಳ ಒರಿಜಿನಲ್ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಜಡಿಯುವುದು ಅಲ್ಲಿಯ ಪದ್ಧತಿ. ಗೂಟಕ್ಕೆ ಕಟ್ಟಿದ ದನ ಬೇಲಿ ಹಾರುವುದಿಲ್ಲ.

"ಕೊಡಾಣ. ನಾಳೆ ಇನ್‌ಸ್ಪೆಕ್ಷನ್ ಮುಗೀಲಿ. ಕ್ಲಾಸು ಅರ್ಧ ಖಾಲಿ ಕಂಡ್ರೆ ಮಾನ ಹೋಗ್ತದೆ. ನೀನೂ ಆ ಮೌನೇಶನೂ ಯೂನಿಫಾರ್ಮ್ ಹಾಕ್ಕೊಂಡು ಬೆಂಚಲ್ಲಿ ಕೂತ್ಕಳಿ. ಗಿಡ್ಡಕ್ಕಿದ್ದೀಯ, ಯಾವನಿಗೂ ಗೊತ್ತಾಗಲ್ಲ."

ಮೌನೇಶನೂ ಲೆಕ್ಚರರೇ, ಅವಳ ಊರಿನವನು. ಬಿಟಿಎಮ್ ಲೇಔಟಿನಲ್ಲಿ ಅವಳ ಮನೆಯ ಮೇಲಿನ ರೂಮಿನಲ್ಲಿದ್ದ.

ಮರುದಿನ ಯಾರದೋ ಬೆವರು ನಾರುವ ನೀಲಿ ಚೂಡಿದಾರದಲ್ಲಿ ಪಾರವ್ವ ಕಡೇ ಬೆಂಚಿನಲ್ಲಿ ಕುಳಿತಳು. ಪಕ್ಕದಲ್ಲಿ ಮೌನೇಶ. ಇನ್‌ಸ್ಪೆಕ್ಷನ್ನಿನವರ ಮುಂದೆ ದೀಪಕ ಅವಳ ಪಾಠವನ್ನು ಪರದೆ ನೋಡಿ ಓದಿದ. ಮೋಟಾರು ತಿರುಗುವ ಬಗೆ ತಿಳಿಸಲು ಅದರ ಪಕ್ಕ ಬೀಸುವ ಕಲ್ಲಿನ ಚಿತ್ರ ಮೂಡಿತು.

"ಬ್ಯೂಟಿಫುಲ್! ಇದು ಹೇಗೆ ಹೊಳೀತು?" ಎಂದರು ಹಿರಿಯ ಇನ್‌ಸ್ಪೆಕ್ಟರು.

"ನಮ್ಮಮ್ಮ ಬೀಸೋದನ್ನ ನೋಡ್ತಾ ಬೆಳೆದವನು ಸಾರ್ ನಾನು."

ಪಾರವ್ವ ಎದ್ದು ನಿಂತಿದ್ದಳು.

"ಸುಳ್ಳು! ಬೀಸಿದಾಕಿ ನಮ್ಮವ್ವ! ಮಂದಿ ಮನಿ ಜ್ವಾಳ ಬೀಸಿ ಓದಿಸ್ಯಾಳ ನನ್ನ. ಈ ಪಾಠ ನಂದ್ರಿ. ನಾ ಇಲ್ಲಿ ಲೆಕ್ಚರರ್ ಇದ್ದೆ."

"ತಲೆ ಸರಿ ಇಲ್ಲ ಸಾರ್ ಆ ಹುಡುಗೀಗೆ," ಬೋರಣ್ಣ ನಕ್ಕ.

ಹಿರಿಯರು ಮೌನೇಶನತ್ತ ತಿರುಗಿದರು. "ಏನಪ್ಪಾ, ಯಾರು ಇವರು?"

ಮೌನೇಶ ಬೆಂಚಿನ ಅಂಚು ಹಿಡಿದು ಎದ್ದ. ಬೋರಣ್ಣ ಜೇಬಿನಲ್ಲಿ ಬೀರುವಿನ ಬೀಗದಕೈ ಗೊಂಚಲು ಆಡಿಸುತ್ತಿದ್ದ.

"ನಮ್ಮ... ನಮ್ಮ ಕ್ಲಾಸ್‌ಮೇಟ್ರಿ ಸರ."

"ಕೂತ್ಕೋಮ್ಮ," ಎಂದರು ಹಿರಿಯರು. "ಊಟದ ಹೊತ್ತಾಯ್ತು."

ಗೇಟಿನಲ್ಲಿ ಬೋರಣ್ಣ ತಡೆದ. "ಒರಿಜಿನಲ್ ಬೇಕೇನೇ ಲೌಡಿ? ಗೆದ್ದಲು ತಿಂದು ಮಿಕ್ಕಿದ್ರೆ ಬಾ."

ಮನೆಯಲ್ಲಿ ಅವ್ವ ಕೆಂಚವ್ವ ರೊಟ್ಟಿ ಬಡಿಯುತ್ತಿದ್ದಳು. "ಕೊಟ್ರೇನವಾ?"

"ಇಲ್ಲ ಬೇ. ಇನ್ನ ಕೊಡಂಗಿಲ್ಲ."

"ಮೌನೇಶ ಇದ್ದನಲ್ಲ! ನಮ್ಮೂರ ಹುಡುಗ, ನಿನ್ನ ಪರ ಒಂದ ಮಾತ ಆಡಲಿಲ್ಲೇನ?"

ಮೆಟ್ಟಿಲು ಹತ್ತುತ್ತಿದ್ದ ಚಪ್ಪಲಿ ಸದ್ದು ಬಾಗಿಲ ಹೊರಗೆ ನಿಂತಿತು. ಒಳಗೆ ಬರಲಿಲ್ಲ, ಮೇಲೆಯೂ ಹೋಗಲಿಲ್ಲ. ಅವನ ಒರಿಜಿನಲ್ಲೂ ಅದೇ ಬೀರುವಿನಲ್ಲಿತ್ತು. ಪಾರವ್ವ ಬಾಗಿಲನ್ನೇ ನೋಡಿದಳು. ಅವನು ಕ್ಲಾಸ್‌ಮೇಟ್ ಅಂದದ್ದನ್ನು ಅವ್ವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.

"ಅಂವ ಇವತ್ತ ಕಾಲೇಜಿಗೆ ಬಂದಿದ್ದಿಲ್ಲ ಬೇ," ಎಂದಳು, ಹೊರಗೆ ಕೇಳುವಷ್ಟು ಗಟ್ಟಿಯಾಗಿ.