ಅನುಮತಿ ಪಡೆದ ಚಿಟ್ಟೆಗಳು

ಎತ್ತರದ ಕಟ್ಟಡಗಳೇ ತುಂಬಿದ್ದ ಒಂದು ನಗರದಲ್ಲಿ ಹಕ್ಕಿ, ಚಿಟ್ಟೆಗಳು ಕಡಿಮೆಯಾಗಿವೆ ಎಂಬ ಸಂಗತಿ ನಗರಸಭೆಯ ಗಮನಕ್ಕೆ ಬಂತು. ಯಾವ ಕಟ್ಟಡದ ಮೇಲೆ ಹೆಚ್ಚು ಜೀವಿಗಳು ನೆಲೆಸುತ್ತವೆಯೋ ಅದಕ್ಕೆ ಕಂಚಿನ ಫಲಕ ಕೊಡುವುದಾಗಿ ಸಭೆ ಸಾರಿತು. ಒಂಬತ್ತು ಮಹಡಿಯ ಒಂದು ಕಟ್ಟಡದ ನಿವಾಸಿಗಳ ಸಂಘಕ್ಕೆ ಆ ಫಲಕದ ಮೇಲೆ ಆಸೆಯಾಯಿತು. ಸಂಘದ ಅಧ್ಯಕ್ಷರು ಚೆನ್ನಾಜಮ್ಮನನ್ನು ಕರೆಸಿದರು.

ಚೆನ್ನಾಜಮ್ಮ ಮೂವತ್ತು ವರ್ಷ ರಸ್ತೆ ಬದಿಯಲ್ಲಿ ಸಸಿ ಮಾರಿದವಳು. ಬೇರೆಯವರ ಕುಂಡಗಳಿಗೆ ಗಿಡ ಕೊಟ್ಟಿದ್ದಳೇ ಹೊರತು, ಒಂದು ಇಡೀ ಜಾಗ ಬಿಟ್ಟುಕೊಟ್ಟು "ನಿಮಗೆ ತೋಚಿದಂತೆ ಮಾಡಿ" ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಧ್ಯಕ್ಷರು ಕಟ್ಟಡದ ತಾರಸಿ ತೋರಿಸಿ ಹಾಗೆ ಹೇಳಿದಾಗ ಅವಳು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು.

ತಾರಸಿಗೆ ಭಾರವಾಗದಂತೆ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಗೇಣು ದಪ್ಪ ಹಾಸಿದಳು. ಮಳೆನೀರು ನಿಲ್ಲಲು ತೊಟ್ಟಿ ಇಟ್ಟಳು. ತುಂಬೆ, ಎಕ್ಕ, ಕರಿಬೇವು ನೆಟ್ಟಳು. ಮೂಲೆಯಲ್ಲಿ ಒಡೆದ ಹೆಂಚುಗಳನ್ನು ಪೇರಿಸಿ, ಪಕ್ಕದಲ್ಲಿ ಹೊಂಗೆಯ ಹಳೇ ಕೊರಡೊಂದನ್ನು ಮಲಗಿಸಿದಳು.

"ಇದೇನಮ್ಮಾ, ಕೊಳೆತ ಮರ?" ಎಂದರು ಅಧ್ಯಕ್ಷರು.

"ಮನೆ, ಸ್ವಾಮಿ."

"ಯಾರ ಮನೆ?"

"ಯಾರು ಬರ್ತಾರೋ ಅವರದು."

ಬಂದರು. ಮೊದಲು ಇರುವೆಗಳು, ಆಮೇಲೆ ದುಂಬಿಗಳು, ಓತಿಕ್ಯಾತಗಳು, ಹೂವಿನ ಮಕರಂದ ಹೀರುವ ಜೋಡಿ ಸೂರಕ್ಕಿ. ಎಕ್ಕದ ಎಲೆಗಳ ಮೇಲೆ ಪಟ್ಟೆಪಟ್ಟೆಯ ಕಂಬಳಿಹುಳುಗಳು ಕಂಡ ದಿನ ಚೆನ್ನಾಜಮ್ಮ ಊಟಕ್ಕೆ ಹೋಗುವುದನ್ನೇ ಮರೆತಳು.

ಅದೇ ವಾರ ಸಂಘ ತುರ್ತು ಸಭೆ ಸೇರಿತು. ಜೀವಿಗಳು ಬರಲಿ ಎಂಬುದು ಎಲ್ಲರ ಇಷ್ಟವಾಗಿತ್ತು. ಇಂಥವು ಬಂದಾವೆಂದು ಯಾರೂ ಎಣಿಸಿರಲಿಲ್ಲ. ಬಹಳ ಚರ್ಚೆಯಾಗಿ, ಒಂದು ಪಟ್ಟಿ ಸಿದ್ಧವಾಯಿತು. ಚಿಟ್ಟೆಗೆ ಅನುಮತಿ. ಸೂರಕ್ಕಿಗೆ ಅನುಮತಿ. ಹುಳು, ಇರುವೆ, ಓತಿಕ್ಯಾತಗಳಿಗೆ ಇಲ್ಲ.

ಪಟ್ಟಿ ಓದಿಸಿಕೊಂಡ ಚೆನ್ನಾಜಮ್ಮ ಹೇಳಿದಳು: "ಸ್ವಾಮಿ, ಈ ಹುಳವೇ ಆ ಚಿಟ್ಟೆ."

"ಗೊತ್ತಮ್ಮಾ. ನಾವೂ ಓದಿದವರೇ," ಎಂದರು ಅಧ್ಯಕ್ಷರು ತಾಳ್ಮೆಯಿಂದ. "ಆಗಲಿ, ಬೇಡ ಅನ್ನಲ್ಲ. ಚಿಟ್ಟೆ ಆದಮೇಲೆ ಬರಲಿ."

ಮಣ್ಣು, ಕೊರಡು, ಗಿಡ ಎಲ್ಲ ತೆಗೆಯಬೇಕಾಯಿತು. ಕೊಳಕಾಗುತ್ತದೆಂದು ಲಿಫ್ಟು ಕೊಡಲಿಲ್ಲ. ಅವಳು ನಾಲ್ಕು ದಿನ ಒಂಬತ್ತು ಮಹಡಿಗಳನ್ನು ಹತ್ತಿ ಇಳಿದು, ಹೊತ್ತು ತಂದದ್ದನ್ನು ಹಿತ್ತಲಿನ ಪಂಪ್‌ಮನೆಯ ಗಿಡ್ಡ ತಾರಸಿಯ ಮೇಲೆ ಹಾಕಿದಳು. ಪ್ರತಿ ಎಕ್ಕದ ಬುಡವನ್ನೂ ನೆಟ್ಟಗೆ ನಿಲ್ಲಿಸಿದಳು; ಹುಳುಗಳಿದ್ದ ಎಲೆಗಳಿಗೆ ಕೈ ತಾಗಿಸಲಿಲ್ಲ. ಕೊನೆಯ ದಿನ ಅವಳ ಮೊಣಕಾಲು ಬಾತಿತ್ತು. ಒಂಬತ್ತನೇ ಮಹಡಿಯ ತಾರಸಿಯಲ್ಲಿ ಸಂಘದವರು ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಎರಡು ಸಿಮೆಂಟಿನ ಕೊಕ್ಕರೆಗಳನ್ನು ನಿಲ್ಲಿಸಿದರು.

ಎರಡು ತಿಂಗಳಾದ ಮೇಲೆ ನಗರಸಭೆಯ ಪರೀಕ್ಷಕರು ಬಂದರು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಮೂರು ಸುತ್ತು ಹಾಕಿದರು. ಕಂಡ ಜೀವಿಗಳು ಹನ್ನೊಂದು, ಅಷ್ಟೂ ಸಂಘದ ಪದಾಧಿಕಾರಿಗಳು. ನಿರಾಶರಾಗಿ ಗೋಡೆಗೆ ಒರಗಿ ಕೆಳಗೆ ನೋಡಿದರು. ಮಳೆ ಬಿದ್ದಿದ್ದ ಪಂಪ್‌ಮನೆಯ ಮೇಲೆ ತುಂಬೆ ಹೂಬಿಟ್ಟಿತ್ತು. ಕಿತ್ತಳೆ ಬಣ್ಣದ ಚಿಟ್ಟೆಗಳು ಎಣಿಸಲಾಗದಷ್ಟು ಹಾರಾಡುತ್ತಿದ್ದವು.

"ಅದು ಯಾರದು?"

"ನಮ್ಮದೇ," ಎಂದರು ಅಧ್ಯಕ್ಷರು, ಉಸಿರು ತೆಗೆದುಕೊಳ್ಳದೆ.

ಫಲಕ ಬಂತು. ಅದನ್ನು ಪಂಪ್‌ಮನೆಯ ಗೋಡೆಗೆ ಹಾಕಿಸುವ ಸಮಾರಂಭ ನಿಗದಿಯಾಯಿತು. ಗಣ್ಯರು ಬರುವ ಜಾಗ, ಹಾಗೆ ಬಿಡಲಾಗದು. ಅಧ್ಯಕ್ಷರು ಮತ್ತೆ ಚೆನ್ನಾಜಮ್ಮನನ್ನು ಕರೆಸಿದರು.

"ಶನಿವಾರದೊಳಗೆ ಶುಚಿ ಮಾಡಿಕೊಡಿ. ಚಿಟ್ಟೆಗಳು ಇರಲಿ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ತಂದು, ಹುಳುಗಳಿದ್ದ ಎಕ್ಕದ ಗಿಡಗಳನ್ನು ಬೇರು ಕದಲದಂತೆ ಮಣ್ಣುಸಮೇತ ತುಂಬಿಕೊಂಡಳು. ಅದನ್ನು ಹೊತ್ತು ನಡೆಯುತ್ತ ನಾಲ್ಕು ಬೀದಿ ದಾಟಿದಳು. ಇನ್ನೊಂದು ದೊಡ್ಡ ಕಟ್ಟಡದ ಕಾವಲುಗಾರ ಅವಳನ್ನು ತಡೆದ.

"ಏನಮ್ಮಾ ಅದು? ತೋಟದ ಸಾಮಾನಾ? ಒಳಗೆ ಬಿಡಬೇಕಾದ್ರೆ ಸಂಘದ ಅನುಮತಿ ಬೇಕು."

ಚೆನ್ನಾಜಮ್ಮ ಬುಟ್ಟಿಯನ್ನು ಸೊಂಟಕ್ಕೆ ಇಳಿಸಿಕೊಂಡಳು.

"ಕಸ ಕಣಪ್ಪಾ," ಎಂದಳು.

"ಅಷ್ಟೇನಾ?" ಕಾವಲುಗಾರ ಗೇಟು ತೆಗೆದ. "ಹಿಂದಿನ ಮೂಲೇಲಿ ಹಾಕಿಬಿಡಿ. ಆ ಕಡೆ ಯಾರೂ ತಲೆ ಹಾಕಲ್ಲ."