ಐದನೇ ಮಹಡಿಯ ಊಟ

ಸಾಂತಾ ಮರ್ತಾ ನಗರಸಭೆಯ ವಸತಿ ಸಮಿತಿ ವರ್ಷಕ್ಕೊಮ್ಮೆ ನಗರಸಭೆಗೇ ಸೇರಿದ ನದಿದಡದ ಬಾಡಿಗೆ ವಸತಿ ಕಟ್ಟಡವನ್ನು ತಪಾಸಣೆ ಮಾಡಲು ಬರುತ್ತಿತ್ತು. ಅದಕ್ಕೆ ಮುಂಚೆ ವಸತಿ ಕಚೇರಿಯವರು ನೆಲಮಹಡಿಗೆ ಬಣ್ಣ ಬಳಿದು, ಬಾಗಿಲಲ್ಲಿ ಹೂಕುಂಡ ಇಡಿಸುತ್ತಿದ್ದರು. ಸದಸ್ಯರು ಕೆಳಗಿನ ಹಾಲ್‌ನಲ್ಲೇ ಕೂತು, ಸುಟ್ಟ ಹಂದಿಯ ಊಟ ಮುಗಿಸಿ, ಫೋಟೋ ತೆಗೆಸಿಕೊಂಡು, ಎಲ್ಲವೂ ಚೆನ್ನಾಗಿದೆ ಎಂದು ಬರೆದು ಹೊರಡುತ್ತಿದ್ದರು. ಅವರಲ್ಲಿ ಒಬ್ಬರಾದರೂ ಮೆಟ್ಟಿಲು ಹತ್ತಿದ್ದನ್ನು ಅಡೆಲಿನಾ ಸುಪ್ಲಿದೊ ನೋಡಿರಲಿಲ್ಲ. ಅವಳು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಹುಟ್ಟಿ ಬೆಳೆದವಳು. ಈ ವರ್ಷ ಚುನಾವಣೆ ಗೆದ್ದು, ಹಟ ಹಿಡಿದು ಅದೇ ಸಮಿತಿಗೆ ಸದಸ್ಯೆಯಾಗಿದ್ದಳು.

ಸ್ವಂತ ಮನೆಯ ಸೂರು ಸರಿಪಡಿಸಿಕೊಂಡವರಿಗೆ, ಚರಂಡಿ ಕಟ್ಟಿಸಿಕೊಂಡವರಿಗೆ ನಗರಸಭೆ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಿತ್ತು. ಬಾಡಿಗೆ ವಸತಿಯವರೂ ಮನೆ ಸುಧಾರಿಸಿಕೊಂಡರೆ ಬಾಡಿಗೆಯಲ್ಲಿ ಅಷ್ಟು ಬಿಡಬೇಕು ಎಂದು ಅಡೆಲಿನಾ ಕೇಳಿದಾಗ ಸಮಿತಿಯ ಅಧ್ಯಕ್ಷ ಪಂತಾಲಿಯೊನ್ ತಬುಗ ಹೊಟ್ಟೆ ಕುಣಿಸಿ ನಕ್ಕಿದ್ದ.

"ಗೋಡೆ ನಗರಸಭೇದು, ಮೊಳೆ ಹೊಡೆದೋರಿಗೆ ಬಹುಮಾನವಾ? ನಾಳೆ ಕಿಟಕಿ ಒರೆಸಿದ್ದಕ್ಕೂ ಕೇಳ್ತೀಯೇನಮ್ಮಾ?"

ಸಭೆಯೆಲ್ಲ ನಕ್ಕಿತ್ತು. ಅಡೆಲಿನಾಳ ಕಿವಿ ಬಿಸಿಯಾಗಿತ್ತು. ಆದರೆ ಅವಳು ವಾದಕ್ಕೆ ಇಳಿಯಲಿಲ್ಲ. ತಪಾಸಣೆಯ ದಿನ ಹತ್ತಿರವಾದಾಗ ವಸತಿ ಕಚೇರಿಯ ನಿರ್ದೇಶಕ ವೆಲಾರ್ದೆಯ ಬಳಿಗೆ ಹೋಗಿ, "ಈ ಸಲ ಊಟದ ತಾಪತ್ರಯ ನಿಮಗೆ ಬೇಡ ಸಾರ್. ಕಟ್ಟಡದ ಬಾಡಿಗೆದಾರರೇ ಅಡುಗೆ ಮಾಡ್ತಾರಂತೆ" ಎಂದಳು. ಖರ್ಚು ಉಳಿಯಿತೆಂದು ಆತ ಖುಷಿಯಿಂದ ತಲೆಯಾಡಿಸಿದ. ಊಟ ಎಲ್ಲಿ ಎಂದು ಕೇಳುವುದು ಅವನಿಗೆ ಹೊಳೆಯಲಿಲ್ಲ.

ತಪಾಸಣೆಯ ದಿನ ಮಧ್ಯಾಹ್ನದ ಹೊತ್ತಿಗೆ ಸದಸ್ಯರಿಗೆಲ್ಲ ಹಸಿವು ಕಿತ್ತು ತಿನ್ನುತ್ತಿತ್ತು. ಹಾಲ್‌ನಲ್ಲಿ ಮೇಜು ಖಾಲಿ.

"ಊಟ ಎಲ್ಲಮ್ಮಾ?" ಎಂದ ತಬುಗ.

"ಮೇಲೆ ಸಾರ್. ಐದನೇ ಮಹಡಿ."

"ಲಿಫ್ಟು?"

"ಕೆಟ್ಟು ಎಷ್ಟೋ ವರ್ಷ ಆಯ್ತು. ಅದು ಕೆಟ್ಟಾಗ ನಾನಿನ್ನೂ ಸ್ಕೂಲಿಗೆ ಹೋಗ್ತಿದ್ದೆ."

ವೆಲಾರ್ದೆಯ ಮುಖ ಬಿಳಿಚಿತು. ತಬುಗ ಒಂದು ಕ್ಷಣ ಅವಳನ್ನೇ ದುರುಗುಟ್ಟಿಕೊಂಡು ನೋಡಿದ. ಎಲ್ಲಿ ಸಿಟ್ಟಾಗಿ ಕಾರು ಹತ್ತಿಬಿಡುತ್ತಾನೋ ಎಂದು ಅಡೆಲಿನಾಗೆ ಭಯವಾಯಿತು. ಅಷ್ಟರಲ್ಲಿ ಮೇಲಿನಿಂದ ತೊಗರಿಕಾಳು, ಎಳೆಹಲಸು, ಹಂದಿಮಾಂಸ ಒಟ್ಟಿಗೆ ಬೆಂದ ಹುಳಿ ಘಮ ಇಳಿದು ಬಂತು. ತಬುಗ ಕಂಬಿ ಹಿಡಿದು ಹತ್ತತೊಡಗಿದ.

ಮೂರನೇ ಮಹಡಿಯಲ್ಲಿ ಯಾರೋ ತಂದಿಟ್ಟ ಸ್ಟೂಲಿನ ಮೇಲೆ ಏದುಸಿರು ಬಿಡುತ್ತ ಕುಕ್ಕರಿಸಿದ. "ಕೊಲ್ಲಬೇಕು ಅಂತಾನೇ ಕರ್ಕೊಂಡು ಬಂದ್ಯೇನಮ್ಮಾ?"

"ಇನ್ನೇನು ಬಂತು ಸಾರ್" ಎಂದು ನಕ್ಕು ಅವಳು ಮುಂದೆ ನಡೆದಳು.

ಐದನೇ ಮಹಡಿಯ ಮೊಗಸಾಲೆಯಲ್ಲಿ ಉದ್ದಕ್ಕೂ ಬಾಳೆಎಲೆ ಹಾಸಿ, ಅನ್ನ, ಒಣಮೀನು, ಅದೇ ಹುಳಿ ಪಲ್ಯ ಸುರಿದಿದ್ದರು. ಕಟ್ಟಡಕ್ಕೆಲ್ಲ ಹಿರಿಯಕ್ಕನಾಗಿ 'ಮನಾಂಗ್' ಎನಿಸಿಕೊಂಡಿದ್ದ ಎಪ್ಪತ್ತರ ಸೆವೆರಿನಾ ತಾನೇ ನಿಂತು ಬಡಿಸಿದಳು. ಎಲ್ಲರೂ ಕೈಯಲ್ಲೇ ಉಂಡರು. ತಬುಗ ಮೂರು ಸಲ ಬಡಿಸಿಕೊಂಡು, ಜಿಡ್ಡುಗೈಯಲ್ಲಿ ಎದ್ದು ಸೆವೆರಿನಾಳ ಮನೆಯ ನಲ್ಲಿ ತಿರುಗಿಸಿದ. ಗೊರಗೊರ ಸದ್ದು ಬಂತೇ ಹೊರತು ಒಂದು ಹನಿ ನೀರು ಬರಲಿಲ್ಲ.

"ಪಂಪು ಬೆಳಿಗ್ಗೆ ಸರಿಯಾಗೇ ಇತ್ತು..." ವೆಲಾರ್ದೆ ತೊದಲಿದ.

"ಬೆಳಿಗ್ಗೆಯಾ?" ಸೆವೆರಿನಾ ಸೊಂಟದ ಮೇಲೆ ಕೈಯಿಟ್ಟಳು. "ನಾನು ಈ ಮಹಡಿಗೆ ಬಂದಾಗಿಂದ ಆ ನಲ್ಲಿ ಕೆಮ್ಮೋದು ಬಿಟ್ರೆ ಬೇರೆ ಕೆಲಸ ಮಾಡಿಲ್ಲ ಕಣಪ್ಪಾ. ನೀವು ಈಗ ಉಂಡ ಅನ್ನದ ನೀರೂ ನನ್ನ ಸೊಂಟದ ಮೇಲೇ ಹತ್ತಿ ಬಂದಿದ್ದು."

ತಬುಗ ಜಿಡ್ಡುಗೈ ಎತ್ತಿ ಹಿಡಿದುಕೊಂಡು ಅಡುಗೆಮನೆಯ ನೆಲ ನೋಡುತ್ತ ನಿಂತ. ಒಡೆದ ಬಣ್ಣಬಣ್ಣದ ಟೈಲ್ಸ್ ಚೂರುಗಳನ್ನು ಹೂವಿನಂತೆ ಜೋಡಿಸಿ ಕೂರಿಸಿದ್ದ ನೆಲ.

"ಇದನ್ನ ಯಾರು ಮಾಡಿದ್ದು?"

"ನಾನೇ." ಸೆವೆರಿನಾ ವೆಲಾರ್ದೆಯತ್ತ ಬೆರಳು ತೋರಿಸಿದಳು. "ಅದಕ್ಕೆ ಇವರ ಕಚೇರಿಯಿಂದ ಮನೆ ಖಾಲಿ ಮಾಡಿ ಅಂತ ಹೇಳಿ ಕಳಿಸಿದ್ರು. ನಗರಸಭೆ ನೆಲ ಕೆಡಿಸಿದ್ದೀನಂತೆ."

ಮೊಗಸಾಲೆಯಲ್ಲಿ ನಗು ಹೊರಟಿತು, ತಟ್ಟನೆ ನಿಂತಿತು. ಅಡೆಲಿನಾ ಈಗ ಮಾತಾಡಿದಳು. "ಸಾರ್, ಅವತ್ತು ನಾನು ಕೇಳಿದ್ದು ಇಂಥೋರಿಗೋಸ್ಕರಾನೇ. ನಿಮ್ಮ ಗೋಡೆ, ನಿಮ್ಮ ನೆಲ, ಎಲ್ಲಾ ಒಪ್ತೀನಿ. ಚೆಂದ ಮಾಡಿದ್ದು ಯಾರು? ಸಮಿತಿಯೋರು ಎಲ್ಲರೂ ಇಲ್ಲೇ ಇದ್ದೀರಿ. ಈಗಲೇ ತೀರ್ಮಾನ ಮಾಡಿ."

ತಬುಗನಿಗೆ ಮುಜುಗರವಾಯಿತು, ಸಿಟ್ಟೂ ಬಂತು. ಆದರೆ ಆ ಸಿಟ್ಟು ಹೋಗಿ ಬಿದ್ದದ್ದು ವೆಲಾರ್ದೆಯ ಮೇಲೆ. "ಏನ್ರೀ, ಇಷ್ಟು ವರ್ಷ ನನ್ನನ್ನ ಕೆಳಗೇ ಕೂರಿಸಿ ಹಂದಿ ತಿನ್ನಿಸಿದ್ದು ಇದಕ್ಕೇನಾ? ಈ ನಲ್ಲೀಲಿ ನೀರು ಬರೋವರೆಗೂ ನಾನು ಇಲ್ಲಿಂದ ಅಲ್ಲಾಡಲ್ಲ!"

ಸೆವೆರಿನಾಳ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. ವೆಲಾರ್ದೆ ಮೆಟ್ಟಿಲಿಳಿದು ಓಡಿದ. ಮೆಕ್ಯಾನಿಕ್ ಬಂದ, ಪಂಪು ಬಿಚ್ಚಿದ, ಹೊಸ ಮೋಟಾರು ಬಂತು. ಆ ಹೊತ್ತಿನಲ್ಲೇ, ಮನೆಮನೆಯವರು ಬಾಗಿಲಿಗೆ ಒರಗಿ ನೋಡುತ್ತಿದ್ದಂತೆ, ಸಮಿತಿ ತನ್ನ ಸಭೆ ನಡೆಸಿತು. ಬಾಡಿಗೆ ರಿಯಾಯಿತಿಯ ಪ್ರಶ್ನೆ ಬಂದಾಗ ಮೊದಲು ಎದ್ದದ್ದು ತಬುಗನ ಕೈ, ಇನ್ನೂ ಜಿಡ್ಡಾಗಿಯೇ ಇತ್ತು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈಯೆತ್ತಿದರು. ವಸತಿ ಕಚೇರಿ ಮೂರು ತಿಂಗಳಿಗೊಮ್ಮೆ ಇದೇ ಮೊಗಸಾಲೆಗೆ ಬಂದು ಲೆಕ್ಕ ಒಪ್ಪಿಸಬೇಕೆಂಬ ಮಾತನ್ನೂ ಅಡೆಲಿನಾ ಸೇರಿಸಿದಳು. ಅದೂ ಪಾಸಾಯಿತು.

ಸಂಜೆ ಬಿಸಿಲು ಹಳದಿಯಾಗುವಾಗ ನಲ್ಲಿ ಒಮ್ಮೆ ಸೀನಿತು, ಕೆಂಪು ನೀರು ಉಗುಳಿತು, ಆಮೇಲೆ ಧೋ ಎಂದು ಸುರಿಯಿತು. ಕೇಕೆ ಮಹಡಿಯಿಂದ ಮಹಡಿಗೆ ಇಳಿದು ನದಿಯವರೆಗೂ ಕೇಳಿಸಿತು. ಸೆವೆರಿನಾ ಮಾತ್ರ ಸುಮ್ಮನೆ ನೀರಿನ ಕೆಳಗೆ ಎರಡೂ ಕೈ ಒಡ್ಡಿ ನಿಂತಿದ್ದಳು. ಅಡೆಲಿನಾ ಹತ್ತಿರ ಹೋದಾಗ, ಹುಡುಗಿಯರನ್ನು ಮುದ್ದಿನಿಂದ ಕರೆಯುವ ಹಾಗೆ "ಇಂದಾಯ್, ನನ್ನ ಕಂದಾ" ಎಂದು ಒದ್ದೆ ಅಂಗೈಯಿಂದ ಅವಳ ಕೆನ್ನೆ ಸವರಿದಳು. ಅಡೆಲಿನಾ ಅತ್ತಳು, ನಕ್ಕಳು. ಯಾವುದು ಮೊದಲೋ ಅವಳಿಗೇ ತಿಳಿಯಲಿಲ್ಲ.

ಮುಂದಿನ ವಾರ ನಗರಸಭೆಯ ಪೂರ್ಣ ಸಭೆಯಲ್ಲಿ ಎದ್ದುನಿಂತು ಆ ಯೋಜನೆಯ ಪರ ಗಂಟಲು ಹರಿಯುವಂತೆ ಮಾತಾಡಿದವನು ತಬುಗನೇ; ಅದು ತನ್ನದೇ ತಲೆಯಿಂದ ಬಂದದ್ದು ಎಂಬಂತೆ. ಅಡೆಲಿನಾ ಬೇಡವೆನ್ನಲಿಲ್ಲ. ಒಂದು ವಿರೋಧವೂ ಇಲ್ಲದೆ ಅಂಗೀಕಾರವಾಯಿತು. ಮಳೆ ಹಿಡಿಯುವ ಮುಂಚೆ ಕಟ್ಟಡದ ತುಂಬ ಸಿಮೆಂಟು, ಸುಣ್ಣ, ಸುತ್ತಿಗೆಯ ಸದ್ದು. ಒಂದು ಕಿಟಕಿಗೆ ನೀಲಿ, ಪಕ್ಕದ್ದಕ್ಕೆ ಮಾವಿನಹಣ್ಣಿನ ಬಣ್ಣ.

ಮೂರು ತಿಂಗಳ ಬಳಿಕ ಮೊಗಸಾಲೆಯಲ್ಲಿ ಜನ ಕಿಕ್ಕಿರಿದು ಕೂತಿದ್ದರು. ಲೆಕ್ಕ ಒಪ್ಪಿಸಲು ವೆಲಾರ್ದೆ ಬೆವರೊರೆಸಿಕೊಂಡು ನಿಂತಿದ್ದ. ಹಿಂದಿನಿಂದ ಒಬ್ಬಳು ಕೂಗಿದಳು: "ನೀರಿನ ಕಥೆ ಮುಗೀತು ಸಾರ್. ಈಗ ಲಿಫ್ಟಿನ ಕಥೆ ಹೇಳಿ!"